ಕಂಡದ್ದೆಷ್ಟು, ಕೇಳಿದ್ದೆಷ್ಟು

ಕೇಳುಗರಿಗೆ ನಮಸ್ಕಾರ.

ಚರಿತ್ರೆಯ ಆಧಾರಗಳನ್ನು ಎಷ್ಟು ನಂಬಬೇಕು, ಹೇಗೆ ಪರೀಕ್ಷಿಸಬೇಕು ಎಂಬುದು ಇವತ್ತಿನ ಮಾತು. ಗೇರುಸೊಪ್ಪೆಯ ರಾಣಿ ರಾಜ್ಯ ಕಳೆದುಕೊಂಡದ್ದು ಹೇಗೆ ಎಂಬುದಕ್ಕೆ ಒಂದು ಹಳೆಯ ಕತೆಯಿದೆ. ರಾಣಿಗೆ ಪರಸ್ಥಳದ ಸಾಮಾನ್ಯನೊಬ್ಬನ ಮೇಲೆ ಮೋಹ ಹುಟ್ಟಿತು. ಅಧಿಕಾರವನ್ನೆಲ್ಲ ಅವನ ಕೈಗಿಟ್ಟಳು. ಅವನು ತಿರುಗಿಬಿದ್ದು ಪೋರ್ಚುಗೀಸರ ನೆರವು ಕೇಳಿದ. ರಾಣಿ ಇಕ್ಕೇರಿಯ ವೆಂಕಟಪ್ಪ ನಾಯಕನನ್ನು ಕರೆದಳು, ನೆರವಿಗೆ ಬಂದವನೇ ರಾಜ್ಯ ನುಂಗಿದ. ಇದನ್ನು ಬರೆದಿಟ್ಟವನು ಪಿಯೆತ್ರೊ ದೆಲ್ಲ ವಾಲ್ಲೆ ಎಂಬ ಇಟಲಿಯ ಪ್ರವಾಸಿ. 1623ರಲ್ಲಿ ಹೊನ್ನಾವರದಿಂದ ಶರಾವತಿಯಲ್ಲಿ ದೋಣಿಯ ಮೇಲೆ ಗೇರುಸೊಪ್ಪೆಗೆ ಬಂದು, ಘಟ್ಟ ಹತ್ತಿ ಇಕ್ಕೇರಿಗೆ ಹೋದವನು. ಪೋರ್ಚುಗೀಸರು ಈ ರಾಣಿಯನ್ನು ‘ಕಾಳುಮೆಣಸಿನ ರಾಣಿ’ ಎನ್ನುತ್ತಿದ್ದರೆಂದು ಬರೆದವನೂ ಅವನೇ. ಆಕೆ ಚೆನ್ನಭೈರಾದೇವಿಯೆಂದು ನಾವು ಹೇಳಿಕೊಂಡು ಬಂದಿದ್ದೇವೆ.

ಈಗ ಕಾಗದವನ್ನು ಸ್ವಲ್ಪ ಜಗ್ಗಿ ನೋಡೋಣ. ಅವನು ಬರುವ ಹೊತ್ತಿಗೆ ರಾಣಿಯ ಕಾಲ ಮುಗಿದು ಹೋಗಿತ್ತು, ಪಟ್ಟಣ ಹಾಳುಬಿದ್ದಿತ್ತು. ಅವನ ಜತೆಗಿದ್ದವರು ಯಾರು? ಪೋರ್ಚುಗೀಸ್ ರಾಯಭಾರಿ ಒಬ್ಬ, ಇಕ್ಕೇರಿಯ ಕಡೆಯ ರಾಯಭಾರಿ ಇನ್ನೊಬ್ಬ. ಅಂದರೆ ಮೆಣಸಿನ ದರಕ್ಕಾಗಿ ಗೇರುಸೊಪ್ಪೆಯ ಜತೆ ಗುದ್ದಾಡಿದವರ ಕಡೆಯವನು ಮತ್ತು ಗೇರುಸೊಪ್ಪೆಯನ್ನು ಗೆದ್ದವರ ಕಡೆಯವನು. ಸೋತ ಹೆಂಗಸಿನ ನಡತೆಯ ಮೇಲೆ ತಪ್ಪು ಹೊರಿಸುವುದು ಗೆದ್ದವರಿಗೆ ಎಷ್ಟು ಅನುಕೂಲ ಎಂದು ಬಿಡಿಸಿ ಹೇಳಬೇಕಿಲ್ಲ. ಹಾಗಂತ ಕತೆ ಸುಳ್ಳೇ ಎಂದೂ ಸಾಧಿಸಲು ಬರುವುದಿಲ್ಲ. ಮಾಡಬಹುದಾದದ್ದು ಇಷ್ಟೇ: ಕಾಗದದ ಮಧ್ಯೆ ಗೆರೆ ಎಳೆದು ಕಂಡದ್ದನ್ನು ಒಂದು ಬದಿಗೆ, ಕೇಳಿದ್ದನ್ನು ಇನ್ನೊಂದು ಬದಿಗೆ ಬರೆಯುವುದು. ಹಾಳೂರು, ಅದನ್ನು ಮುಚ್ಚಿದ ಕಾಡು, ಹೊಳೆ ಇವೆಲ್ಲ ಕಂಡದ್ದು. ಮೋಹದ ಕತೆ ಕೇಳಿದ್ದು. ಕೇಳಿದ್ದರ ಮುಂದೆ ಹೇಳಿದವನ ಕಡೆ ಯಾವುದು ಎಂದು ಇನ್ನೊಂದು ಕಲಂ. ಬಹಳಷ್ಟು ಲೇಖನಗಳಲ್ಲಿ ಈ ಮೂರನೆಯ ಕಲಂ ಖಾಲಿ ಇರುತ್ತದೆ, ಗಲಾಟೆ ಶುರುವಾಗುವುದು ಅಲ್ಲಿಂದಲೇ.

ಕಲ್ಲಿನ ಮೇಲೆ ಕೊರೆದದ್ದಾದರೆ ನಂಬಬಹುದಲ್ಲ ಎಂದು ಕೇಳುವವರಿದ್ದಾರೆ. ಬನವಾಸಿಯ ಕದಂಬರನ್ನೇ ತೆಗೆದುಕೊಳ್ಳಿ. ಮಯೂರಶರ್ಮ ಕಂಚಿಗೆ ಓದಲು ಹೋದದ್ದು, ಅಲ್ಲಿ ಪಲ್ಲವರ ಕುದುರೆ ಸವಾರನ ಜತೆ ಜಗಳವಾದದ್ದು, ಕತ್ತಿ ಹಿಡಿದದ್ದು ನಮಗೆ ತಿಳಿದಿರುವುದು ತಾಳಗುಂದದ ಕಂಬದ ಶಾಸನದಿಂದ. ಕುಬ್ಜನೆಂಬ ಕವಿ ಅದನ್ನು ಪದ್ಯದಲ್ಲಿ ರಚಿಸಿ ತಾನೇ ಕಲ್ಲಿಗೆ ಇಳಿಸಿದ. ಆದ್ದರಿಂದ ನಕಲು ಮಾಡುವವರ ಕೈತಪ್ಪು ಅದರಲ್ಲಿ ಸೇರಿಲ್ಲ, ಪಾಠ ಶುದ್ಧ. ಆದರೆ ಅದನ್ನು ಬರೆಸಿದ್ದು ಮಯೂರನಿಂದ ನಾಲ್ಕು ತಲೆಮಾರು ಈಚೆಗಿನ ಶಾಂತಿವರ್ಮನ ಕಾಲದಲ್ಲಿ, ಅದೇ ಮನೆತನದ ಹೊಗಳಿಕೆಗಾಗಿ. ಪಾಠ ಶುದ್ಧವಾಗಿದ್ದ ಮಾತ್ರಕ್ಕೆ ಸಂಗತಿ ಹಾಗೆಯೇ ನಡೆದಿತ್ತೆಂದು ಆಗುವುದಿಲ್ಲ.

ತಾಮ್ರಪಟಗಳ ಕತೆ ಇನ್ನೂ ಬಿಗಡಾಯಿಸಿದ್ದು. ಉಂಬಳಿ ಭೂಮಿಯ ಹಕ್ಕಿಗಾಗಿ ಹಳೆಯ ರಾಜನ ಹೆಸರಿನಲ್ಲಿ ಆಮೇಲೆ ತಯಾರಿಸಿದ ಕೂಟಶಾಸನಗಳುಂಟು. ತಲಕಾಡಿನ ಗಂಗರ ಹಲವು ತಾಮ್ರಪಟಗಳು ಖೋಟಾ ಎಂದು ಶಾಸನತಜ್ಞ ಜೆ.ಎಫ್. ಫ್ಲೀಟ್ ಹತ್ತೊಂಬತ್ತನೆಯ ಶತಮಾನದಲ್ಲೇ ವಾದಿಸಿದ್ದರು. ಹಿಡಿಯುವ ದಾರಿ ಎರಡು: ಅಕ್ಷರದ ರೂಪ ಹೇಳಿಕೊಂಡ ಕಾಲಕ್ಕಿಂತ ಈಚಿನದೇ, ತಿಥಿ–ವಾರ–ಸಂವತ್ಸರ ಒಂದಕ್ಕೊಂದು ಹೊಂದುತ್ತವೆಯೇ.

ಈ ಎರಡನೆಯದನ್ನು ಮನೆಯಲ್ಲೇ ಕೂತು ಮಾಡಬಹುದು. ಪೆನ್ನು ಕಾಗದ ಹತ್ತಿರವಿದ್ದರೆ ಬರೆದುಕೊಳ್ಳಿ. ಶಕ ವರ್ಷಕ್ಕೆ 78 ಕೂಡಿಸಿದರೆ ಇಸವಿ. ಯುಗಾದಿಯಿಂದ ಡಿಸೆಂಬರ್ ಮುಗಿಯುವವರೆಗೆ ಇದು ಸರಿ. ಜನವರಿಯಿಂದ ಮುಂದಿನ ಯುಗಾದಿಯವರೆಗೆ 79 ಕೂಡಿಸಬೇಕು. ಇನ್ನು ಸಂವತ್ಸರ: ಶಕ ವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿ. ಉಳಿದ ಶೇಷವೇ ಪ್ರಭವದಿಂದ ಎಣಿಸಿದಾಗ ಸಂವತ್ಸರದ ಕ್ರಮಸಂಖ್ಯೆ. ಅಂಕೋಲೆಯ ಉಪ್ಪಿನ ಸತ್ಯಾಗ್ರಹ 1930ರ ಏಪ್ರಿಲ್ 13ರಂದು. ಶಕ 1852, 12 ಸೇರಿಸಿದರೆ 1864, 60ರಿಂದ ಭಾಗಿಸಿದರೆ ಶೇಷ 4. ಪ್ರಭವ, ವಿಭವ, ಶುಕ್ಲ, ಪ್ರಮೋದೂತ. ಆ ದಿನ ಚೈತ್ರ ಹುಣ್ಣಿಮೆ, ಆದಿತ್ಯವಾರ. ಹಳೆಯ ಲೆಕ್ಕದ ಪುಸ್ತಕವೊಂದರಲ್ಲಿ ಅಂಕೋಲೆಯ ಉಪ್ಪಿನ ಸುದ್ದಿಗೆ ‘ಪ್ರಮೋದೂತ ಚೈತ್ರ ಹುಣ್ಣಿಮೆ, ಗುರುವಾರ’ ಎಂದಿದ್ದರೆ ಆ ಸಾಲನ್ನು ಆಮೇಲೆ ನೆನಪಿನಿಂದ ಸೇರಿಸಿರಬಹುದೆಂದು ಅನುಮಾನಿಸಬೇಕು.

ಶಕ ವರ್ಷವನ್ನೇ ಕೊಡದೆ ಸಂವತ್ಸರ ಮಾತ್ರ ಬರೆದ ಕಾಗದಗಳು ನಮ್ಮಲ್ಲಿ ರಾಶಿ. ‘ವಿಶ್ವಾವಸು’ ಎಂದಷ್ಟೇ ಇದ್ದರೆ ಅದು 1665, 1725, 1785 ಯಾವುದೂ ಆಗಬಹುದು. ಆಗ ಕಾಗದದಲ್ಲಿ ಬರುವ ಅಧಿಕಾರಿಯ ಹೆಸರು, ನಾಣ್ಯದ ಹೆಸರು ಇವನ್ನು ಹಿಡಿದು ಅರವತ್ತು ವರ್ಷಗಳ ಯಾವ ಸುತ್ತು ಎಂದು ನಿರ್ಧರಿಸಬೇಕಾಗುತ್ತದೆ.

ಕಾರವಾರದಲ್ಲಿ ಈ ತೊಡಕಿಗೆ ಇನ್ನೆರಡು ಪಂಚಾಂಗ ಸೇರುತ್ತವೆ. 1665ರ ಫೆಬ್ರವರಿಯಲ್ಲಿ ಶಿವಾಜಿ ಕಾರವಾರಕ್ಕೆ ಬಂದಾಗ ಇಲ್ಲಿ ಇಂಗ್ಲಿಷರ ಕೋಠಿ, ಅಂದರೆ ವ್ಯಾಪಾರದ ಮಳಿಗೆ, ಇತ್ತು. ಇಂಗ್ಲಿಷರು ಆಗಿನ್ನೂ ಹಳೆಯ ಕ್ಯಾಲೆಂಡರಿನಲ್ಲಿದ್ದರು, ಅವರಿಗೆ ಹೊಸ ವರ್ಷ ಹುಟ್ಟುತ್ತಿದ್ದುದು ಮಾರ್ಚ್ 25ಕ್ಕೆ. ಪೋರ್ಚುಗಲ್ 1582ರಲ್ಲೇ ಕ್ಯಾಲೆಂಡರ್ ತಿದ್ದಿಕೊಂಡಿತ್ತು, ಗೋವೆಯ ಪೋರ್ಚುಗೀಸರು ಹತ್ತು ದಿನ ಮುಂದಿದ್ದರು. ಹೀಗಾಗಿ ಒಂದೇ ದಿನವನ್ನು ಕಾರವಾರದ ಇಂಗ್ಲಿಷ್ ಗುಮಾಸ್ತ 1664ರ ಫೆಬ್ರವರಿ 14 ಎಂದು ಬರೆದರೆ, ಗೋವೆಯವನು 1665ರ ಫೆಬ್ರವರಿ 24 ಎಂದು ಬರೆಯುತ್ತಾನೆ. ನಮ್ಮ ಶಾನುಭೋಗ ಬರೆಯುವುದು ಶಕ 1586, ಕ್ರೋಧಿ ಸಂವತ್ಸರ. ಇದಕ್ಕೆ 79ರ ಬದಲು 78 ಕೂಡಿಸಿದವರಿಗೆ ಮತ್ತೆ 1664 ಸಿಗುತ್ತದೆ. ಎರಡು ಬೇರೆ ಬೇರೆ ತಪ್ಪುಗಳು ಒಂದೇ ಉತ್ತರ ಕೊಟ್ಟು ಒಂದಕ್ಕೊಂದು ಸಾಕ್ಷಿ ಹೇಳುವುದು ಇಂಥಲ್ಲಿ. ಓದುವವನಿಗೆ ಎರಡು ಆಧಾರ ಸಿಕ್ಕಿತೆಂಬ ಖುಷಿ!

ಆ ಸಲ ಶಿವಾಜಿಗೆ ಕೊಡಲು ಊರಿನ ವರ್ತಕರು ಹಣ ಒಟ್ಟುಮಾಡಿದರು, ಇಂಗ್ಲಿಷರ ಪಾಲು 112 ಪೌಂಡು. ಈ ಅಂಕಿ ನಂಬಲರ್ಹ ಎಂದು ನನ್ನ ಅಭಿಪ್ರಾಯ, ಏಕೆಂದರೆ ಅದು ಮೇಲಿನವರಿಗೆ ಒಪ್ಪಿಸಬೇಕಾದ ಖರ್ಚು. ಆದರೆ ಅದೇ ಕೋಠಿಯವರು ಅಪಾಯ ಎಷ್ಟಿತ್ತು ಎಂದು ಬಣ್ಣಿಸುವಾಗ ಜಾಗ್ರತೆ ಬೇಕು. ಖರ್ಚು ತೋರಿಸಿದವರಿಗೆ ಕಾರಣವನ್ನೂ ದೊಡ್ಡದು ಮಾಡಿ ತೋರಿಸಬೇಕಿರುತ್ತದೆ.

ಕಲ್ಲಿನಿಂದ ಓದುವ ಕ್ರಮವನ್ನೂ ಹೇಳಬೇಕು, ಏಕೆಂದರೆ ತಪ್ಪುಗಳು ಅಲ್ಲಿಯೂ ಹುಟ್ಟುತ್ತವೆ. ಪಡಿಯಚ್ಚು, ಅಂದರೆ ಕಲ್ಲಿನ ಅಕ್ಷರದ ಅಚ್ಚನ್ನು ಕಾಗದದ ಮೇಲೆ, ತೆಗೆಯುವವರು ಮೊದಲು ನೀರು, ನಾರಿನ ಬ್ರಷ್ಷಿನಿಂದ ಪಾಚಿ ತೆಗೆಯುತ್ತಾರೆ. ಒದ್ದೆ ಕಾಗದವನ್ನು ಕಲ್ಲಿಗೆ ಹಾಸಿ, ನಡುವಿನಿಂದ ಅಂಚಿಗೆ ಬ್ರಷ್ಷಿನಿಂದ ತಟ್ಟುತ್ತ ಗಾಳಿ ಹೊರಗೆ ಹಾಕುತ್ತಾರೆ. ಕಾಗದ ಅಕ್ಷರದ ತಗ್ಗಿಗೆ ಇಳಿದು ಅರೆ ಒಣಗಿದ ಮೇಲೆ ಮಸಿಯ ಬಟ್ಟೆಗಂಟಿನಿಂದ ಹಗುರವಾಗಿ ಒತ್ತಿದರೆ ಅಕ್ಷರ ಬೆಳ್ಳಗೆ, ಸುತ್ತಲೂ ಕಪ್ಪಗೆ ಮೂಡುತ್ತದೆ. ಮಸಿ ಹೆಚ್ಚಾದರೆ ಅದು ತಗ್ಗಿಗೂ ಇಳಿದು ತೆಳುವಾದ ಗೆರೆಗಳು ಮಾಯ. ಕಾಗದ ತೀರ ಒದ್ದೆಯಿದ್ದರೆ ಮಸಿ ಹರಡುತ್ತದೆ, ತೀರ ಒಣಗಿದರೆ ಎದ್ದು ಬರುತ್ತದೆ. ಸವೆದ ಕಲ್ಲಿನಲ್ಲಿ ಪ, ವ, ಮ ಒಂದೇ ಥರ ಕಾಣುತ್ತವೆ. ಕನ್ನಡ ಅಂಕಿಗಳಲ್ಲಿ ಆರು ಮತ್ತು ಒಂಬತ್ತು ಹಾಗೆಯೇ. ಶಕ 1586 ಎಂದು ಓದಬೇಕೋ 1589 ಎಂದೋ? ಪಕ್ಕದಲ್ಲಿ ‘ಕ್ರೋಧಿ’ ಇದ್ದರೆ 1586, ‘ಪ್ಲವಂಗ’ ಇದ್ದರೆ 1589. ಸಂವತ್ಸರದ ಹೆಸರು ಉಳಿದಿದ್ದರೆ ಬಚಾವು.

ಶಾನುಭೋಗರ ಕಡತವೂ ಒಂದು ಆಧಾರ. ಬಟ್ಟೆಗೆ ಹುಣಸೆಬೀಜದ ಸರಿ ಬಳಿದು, ಇದ್ದಿಲಿನಿಂದ ಕಪ್ಪು ಮಾಡಿ, ಬಳಪದಿಂದ ಬರೆದದ್ದು. ಗಟ್ಟಿಮುಟ್ಟು, ಆದರೆ ಒರೆಸಿ ಮತ್ತೆ ಬರೆಯಬಹುದು. ಮೇಲಿನ ಬರಹದಡಿ ಹಿಂದಿನ ಬರಹದ ನೆರಳು ಕಾಣುತ್ತದೆಯೇ ಎಂದು ಓರೆ ಬೆಳಕಿನಲ್ಲಿ ನೋಡದೆ ಕಡತದ ಅಂಕಿಯನ್ನು ಉದ್ಧರಿಸಬಾರದು.

ಇನ್ನು ನಮ್ಮ ಉತ್ತರ ಕನ್ನಡ ಜಿಲ್ಲೆಯ ಕಾಗದಪತ್ರ ಒಂದೇ ಕಡೆ ಇಲ್ಲ. 1799ರಲ್ಲಿ ಕಂಪನಿ ಸರ್ಕಾರಕ್ಕೆ ಹೋದ ಕೆನರಾ ಮದ್ರಾಸಿಗೆ ಸೇರಿತ್ತು. 1862ರಲ್ಲಿ ಉತ್ತರ ಭಾಗ ಮುಂಬಯಿಗೆ ಬಂತು. ಹೀಗೆ ಒಂದೇ ಹಳ್ಳಿಯ ದಾಖಲೆ ಚೆನ್ನೈ, ಮುಂಬಯಿ ಎಂದು ಎರಡು ಕಡೆ ಹಂಚಿಹೋಗಿರುತ್ತದೆ. ಸೋಂದೆಯ ಅರಸರು ಹೈದರಾಲಿಯ ಕಾಲದಲ್ಲಿ ಗೋವೆಗೆ ಸರಿದದ್ದರಿಂದ ಅವರ ವಿಷಯಕ್ಕೆ ಪಣಜಿಯ ದಾಖಲೆಗಳನ್ನೂ ನೋಡಬೇಕು. ಮುಂಬಯಿಯದಷ್ಟನ್ನೇ ನೋಡಿ ‘1862ಕ್ಕೆ ಮೊದಲು ದಾಖಲೆಯೇ ಇಲ್ಲ’ ಎನ್ನುವವರು ಸಿಗುತ್ತಾರೆ.

ನಿಮ್ಮ ತೋಟದ ಬದಿಯಲ್ಲಿ ವೀರಗಲ್ಲು ಇದ್ದರೆ ಎಣ್ಣೆ, ಸುಣ್ಣ, ಬಣ್ಣ ಹಚ್ಚಬೇಡಿ. ಅಕ್ಷರ ಎದ್ದು ಕಾಣಲೆಂದು ಮೊಳೆಯಿಂದ ಕೆರೆಯಬೇಡಿ. ಮುಂದಿನವರು ಓದುವುದು ನಿಮ್ಮ ಮೊಳೆಯ ಗೆರೆಯನ್ನು. ಬೆಳಿಗ್ಗೆ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೋ ತೆಗೆಯಿರಿ. ಹಳೆಯ ಕಾಗದಕ್ಕೆ ಲ್ಯಾಮಿನೇಶನ್ ಬೇಡ, ಬಿಸಿ ಮತ್ತು ಪ್ಲಾಸ್ಟಿಕ್ಕು ಒಮ್ಮೆ ಹತ್ತಿದರೆ ಬಿಡಿಸಲಾಗದು. ಕಲ್ಲನ್ನು ದೇವಸ್ಥಾನದ ಅಂಗಳಕ್ಕೆ ಸಾಗಿಸಲೇಬೇಕಾಗಿ ಬಂದರೆ ಮೊದಲು ಅದು ಯಾವ ಸರ್ವೆ ನಂಬರಿನಲ್ಲಿ, ಯಾವ ದಿಕ್ಕಿಗೆ ಮುಖಮಾಡಿ, ಎಷ್ಟು ಆಳ ಹೂತಿತ್ತು ಎಂಬುದನ್ನು ತಾರೀಖಿನ ಸಮೇತ ಬರೆದು, ಬರೆದವರ ಹೆಸರು ಹಾಕಿ ಇಡಿ. ನಮಸ್ಕಾರ.