ಬೇರಿನ ಗಂಟು ನೋಡೋಕೆ ಒಂದೇ, ಒಳಗಿನ ಜಂತು ಯಾವುದು?

[ದೃಶ್ಯ: ಕಿತ್ತ ಟೊಮೆಟೊ ಗಿಡವನ್ನು ಬಕೆಟ್ ನೀರಲ್ಲಿ ಅದ್ದುತ್ತಿರುವ ಕೈ]

ನಮಸ್ಕಾರ. ಈ ಗಿಡಕ್ಕೆ ನೀರೂ ಸಾಕಷ್ಟಿತ್ತು, ಗೊಬ್ಬರವೂ ಬಿದ್ದಿತ್ತು. ಆದರೂ ಮಧ್ಯಾಹ್ನದ ಹೊತ್ತಿಗೆ ಸೊರಗಿ ನಿಲ್ತಿತ್ತು. ಮಣ್ಣು ತೊಳೆದು ನೋಡಿ, ಬೇರಿನ ತುಂಬ ಗಂಟು. ಅಲಸಂದೆ ಬೇರಲ್ಲಿರೋ ಸಾರಜನಕದ ಗಂಟು ಉಗುರಲ್ಲಿ ಮೀಟಿದರೆ ಉದುರುತ್ತೆ. ಇದು ಉದುರಲ್ಲ. ಬೇರೇ ಊದಿಕೊಂಡಿದೆ.

[ದೃಶ್ಯ: ಬ್ಲೇಡಿನಿಂದ ಸೀಳಿದ ಗಂಟು, ಒಳಗೆ ಬಿಳಿ ಚುಕ್ಕಿ]

ಮುತ್ತಿನ ಹಾಗೆ ಹೊಳೀತಿರೋ ಈ ಚುಕ್ಕಿ, ಬೇರುಗಂಟು ಜಂತುಹುಳುವಿನ ಹೆಣ್ಣು. ಒಂದು ಮಿಲಿಮೀಟರ್ ಕೂಡ ಇಲ್ಲ. ಕೂತಲ್ಲೇ ಬೇರಿನ ರಸ ಹೀರುತ್ತಾ, ಲೋಳೆಯೊಳಗೆ ನೂರಾರು ಮೊಟ್ಟೆ ಇಡುತ್ತೆ. ಮಣ್ಣು ಬೆಚ್ಚಗಿದ್ದರೆ ಹೆಚ್ಚುಕಮ್ಮಿ ತಿಂಗಳಿಗೊಂದು ಪೀಳಿಗೆ.

ಗಂಟು ಕಂಡ ತಕ್ಷಣ ಔಷಧಿ ಅಂಗಡಿಗೆ ಓಡಬೇಡಿ. ಮೊದಲು ಇದು ಯಾವ ಜಂತು ಅಂತ ಕೇಳಿ. ಅದು ಗೊತ್ತಿಲ್ಲದೆ ಮುಂದಿನ ಬೆಳೆ ಆರಿಸಿದರೆ ಒಂದಿಡೀ ಹಂಗಾಮು ಕೈತಪ್ಪಬಹುದು.

1949ರವರೆಗೆ ವಿಜ್ಞಾನಿಗಳೂ ಇವನ್ನೆಲ್ಲ ಒಂದೇ ಪ್ರಭೇದ ಅಂತಿದ್ದರು. ಆ ವರ್ಷ ಅಮೆರಿಕದ ಚಿಟ್‌ವುಡ್, ಹೆಣ್ಣು ಜಂತುವಿನ ಹಿಂಭಾಗದ ಚರ್ಮದ ಗೆರೆಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಬೇರ್ಪಡಿಸಿದರು. ನಮ್ಮ ಹೆಬ್ಬೆಟ್ಟಿನ ಗುರುತು ಇರುತ್ತಲ್ಲ, ಹಾಗೇ. ಇನ್‌ಕಾಗ್ನಿಟಾ ಅನ್ನೋ ಪ್ರಭೇದದಲ್ಲಿ ಗೆರೆಗಳ ಕಮಾನು ಎತ್ತರ. ಜವಾನಿಕಾ ಅನ್ನೋದರಲ್ಲಿ ಎರಡೂ ಪಕ್ಕ ಎದ್ದು ಕಾಣೋ ಗೆರೆ.

ಆದರೆ ಒಂದೇ ಪ್ರಭೇದದೊಳಗೂ ಊಟದ ರುಚಿ ಬೇರೆ! ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಇದಕ್ಕೊಂದು ಸರಳ ಪರೀಕ್ಷೆ ರೂಪಿಸಿದರು. ಟೊಮೆಟೊ, ಹತ್ತಿ, ತಂಬಾಕು, ದೊಣ್ಣೆಮೆಣಸು, ಕಲ್ಲಂಗಡಿ, ಕಡಲೆಕಾಯಿ, ಇವುಗಳ ಗೊತ್ತಾದ ತಳಿಗಳಿಗೆ ಜಂತು ಬಿಟ್ಟು, ಯಾವುದರಲ್ಲಿ ವಂಶ ಬೆಳೆಸುತ್ತೆ ಅಂತ ನೋಡೋದು. ಇನ್‌ಕಾಗ್ನಿಟಾದಲ್ಲೇ ನಾಲ್ಕು ರೇಸ್, ಅಂದರೆ ಊಟದ ರುಚಿಯಲ್ಲಿ ಬೇರೆಯಾದ ಗುಂಪುಗಳು, ಸಿಕ್ಕವು. ಒಂದನೇ ರೇಸ್ ಆ ಹತ್ತಿಯನ್ನೂ ಮುಟ್ಟಲ್ಲ, ಆ ತಂಬಾಕನ್ನೂ ಮುಟ್ಟಲ್ಲ. ನಾಲ್ಕನೆಯದು ಎರಡನ್ನೂ ಬಿಡಲ್ಲ. ಕಡಲೆಕಾಯಿ ಮಾತ್ರ ನಾಲ್ಕಕ್ಕೂ ಆಗದು. ಹಾಗಾದರೆ ಟೊಮೆಟೊ ಆದಮೇಲೆ ಕಡಲೆಕಾಯಿ ಹಾಕಿದರೆ ಆಯ್ತಲ್ಲ? ಹೊಲದಲ್ಲಿರೋದು ಇನ್‌ಕಾಗ್ನಿಟಾ ಆಗಿದ್ದರೆ ಸರಿ. ಅರೆನೇರಿಯಾ ಅನ್ನೋ ಇನ್ನೊಂದು ಪ್ರಭೇದದ ಒಂದನೇ ರೇಸ್ ಆಗಿದ್ದರೆ? ಅದಕ್ಕೆ ಕಡಲೆಕಾಯಿ ಹಬ್ಬದೂಟ.

ನನಗೆ ತುಂಬ ಅಚ್ಚರಿ ಅನಿಸೋದು ಇನ್ನೊಂದು ವಿಷಯ. ಇನ್‌ಕಾಗ್ನಿಟಾ ಹೆಣ್ಣಿಗೆ ಮರಿ ಹಾಕೋಕೆ ಗಂಡು ಬೇಕಾಗಿಲ್ಲ. ಮಕ್ಕಳೆಲ್ಲ ತಾಯಿಯ ಪಡಿಯಚ್ಚು. ಹಾಗಿದ್ದ ಮೇಲೆ ಈ ವೈವಿಧ್ಯ ಎಲ್ಲಿಂದ? 2008ರಲ್ಲಿ ಇದರ ಜೀನೋಮ್, ಅಂದರೆ ಪೂರ್ತಿ ವಂಶವಾಹಿ ಬರಹ, ಓದಿದರು. ಒಂದೇ ವಂಶವಾಹಿಯ ಪ್ರತಿಗಳೇ ಒಂದಕ್ಕೊಂದು ಸಾಕಷ್ಟು ಬೇರೆ. ಹಿಂದೆಂದೋ ಬೇರೆ ಬೇರೆ ವಂಶ ಬೆರೆತು ಹುಟ್ಟಿದ ಮಿಶ್ರ ಸಂತಾನ ಇದು ಅಂತ ಆಮೇಲಿನ ಅಧ್ಯಯನಗಳು ತೋರಿಸಿದವು.

ಇದರ ಬಿಸಿ ರೈತನಿಗೇ ತಟ್ಟೋದು. ಕಾಡು ಟೊಮೆಟೊದಿಂದ ತಂದ ಎಂಐ ಅನ್ನೋ ವಂಶವಾಹಿ ಈ ಜಂತುಗಳನ್ನು ತಡೆಯುತ್ತೆ. ಮಣ್ಣಿನ ಶಾಖ 28 ಡಿಗ್ರಿ ದಾಟಿದರೆ ಅದರ ಬಲ ಕುಗ್ಗುತ್ತೆ. ಅಂಥ ತಳಿಯನ್ನೇ ಮತ್ತೆ ಮತ್ತೆ ಹಾಕ್ತಾ ಹೋದರೆ, ಅದನ್ನು ಮೀರಿದ ಜಂತುಗಳು ಅದೇ ಹೊಲದಲ್ಲಿ ತಲೆ ಎತ್ತಬಹುದು. ಒಂದೇ ತಾಯಿಯ ಸಂತತಿಯಲ್ಲೂ ಹೀಗಾಗಿದ್ದನ್ನು ಪ್ರಯೋಗಾಲಯದಲ್ಲಿ ಕಂಡಿದ್ದಾರೆ.

[ದೃಶ್ಯ: ಪಾಲಿಥೀನ್ ಚೀಲದ ಸೀಬೆ ಸಸಿ]

ಈಗ ಸೀಬೆ ಬೆಳೆಯೋರು ಗಮನವಿಟ್ಟು ಕೇಳಿ. ಎಂಟೆರೊಲೋಬಿ ಅಂತೊಂದು ಜಂತು, 1983ರಲ್ಲಿ ಚೀನಾದ ಹೈನಾನ್ ದ್ವೀಪದಿಂದ ವರ್ಣಿಸಿದ್ದು. ನಮ್ಮ ನೆರೆಯ ತಮಿಳುನಾಡಿನ ಸೀಬೆಯಲ್ಲಿ ಇರೋದು 2016ರಲ್ಲಿ ವರದಿಯಾಯ್ತು. ಎಂಐ ಇದನ್ನು ತಡೆಯಲ್ಲ. ಹಿಂಭಾಗದ ಗೆರೆ ನೋಡಿದರೆ ಇನ್‌ಕಾಗ್ನಿಟಾ ಅಂತಲೇ ಮೋಸ ಹೋಗಬಹುದು. ಡಿಎನ್‌ಎ ಪರೀಕ್ಷೆಯಲ್ಲಿ ನಿಜ ಗೊತ್ತಾಗುತ್ತೆ. ಅದಕ್ಕೆ ಒಂದೇ ಒಂದು ಜಂತು ಇದ್ದರೂ ಸಾಕು. ಸಸಿ ಕೊಳ್ಳುವಾಗ ಒಂದೆರಡು ಚೀಲ ಬಿಚ್ಚಿ, ಬೇರು ನೋಡಿಯೇ ತನ್ನಿ. ಮಾರೋರು ಬೇಡ ಅಂದರೆ ಆ ಸಸಿಯೂ ಬೇಡ.

ಇನ್ನು ಮಾದರಿ ತೆಗೆಯೋದು. ಸತ್ತ ಗಿಡ ಬೇಡ, ಸೊರಗ್ತಿರೋ ಗಿಡ ಆರಿಸಿ. ಬೇರಿನ ಬುಡದ ಹಸಿ ಮಣ್ಣನ್ನು ಐದಾರು ಕಡೆಯಿಂದ ತೆಗೆದು ಬೆರೆಸಿ, ಗಂಟಿರೋ ಬೇರನ್ನೂ ಸೇರಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ. ಒಣಗಿಸಬೇಡಿ, ಬಿಸಿಲಿಗಿಡಬೇಡಿ, ಜಂತು ಸತ್ತುಹೋಗುತ್ತೆ. ಬೇಗ ಕೃಷಿ ವಿಜ್ಞಾನ ಕೇಂದ್ರಕ್ಕೋ ಕೃಷಿ ವಿಶ್ವವಿದ್ಯಾಲಯಕ್ಕೋ ಮುಟ್ಟಿಸಿ. ಚೀಟಿಯಲ್ಲಿ ಊರು, ತಾರೀಖಿನ ಜೊತೆಗೆ ಕಳೆದ ಮೂರು ವರ್ಷ ಆ ಹೊಲದಲ್ಲಿ ಏನೇನು ಬೆಳೆದಿದ್ರಿ ಅಂತಲೂ ಬರೀರಿ. ಪರೀಕ್ಷೆ ಮಾಡೋರು ಮೊದಲು ನೋಡಬೇಕಾದ್ದು ಅದನ್ನೇ.