ತಾಯಿ ಕಂಡರೆ ನಗು ಬಂತು

ಶ್ರೋತೃಗಳಿಗೆ ನಮಸ್ಕಾರ.

ಯುದ್ಧಭೂಮಿಯಿಂದ ಮಗ ರಜೆಯ ಮೇಲೆ ಮನೆಗೆ ಬಂದಿದ್ದಾನೆ. ತಾಯಿ ಕಾಯಿಲೆ ಬಿದ್ದು ಮಲಗಿದ್ದಾಳೆ. ನೋಡಿದವರ ಕಣ್ಣು ಒದ್ದೆಯಾಗಬೇಕಾದ ದೃಶ್ಯ. ಆದರೆ ತಾಯಿಯ ಮುಖ ಪರದೆಯ ಮೇಲೆ ಕಂಡದ್ದೇ ತಡ, ಪ್ರೇಕ್ಷಕರು ನಕ್ಕುಬಿಟ್ಟರು. ಇದು ಮೊದಲ ಮಹಾಯುದ್ಧದ ಕಥೆಯ, 1930ರ ಹಾಲಿವುಡ್ ಚಿತ್ರ 'ಆಲ್ ಕ್ವಯಟ್ ಆನ್ ದ ವೆಸ್ಟರ್ನ್ ಫ್ರಂಟ್'ನ ಪ್ರಿವ್ಯೂ, ಅಂದರೆ ಬಿಡುಗಡೆಗೆ ಮುಂಚಿನ ಪರೀಕ್ಷಾ ಪ್ರದರ್ಶನ. ತಾಯಿಯಾಗಿದ್ದವರು ನಟಿ ಝಾಸು ಪಿಟ್ಸ್.

ಬರೆಯುವುದು ಝಾಸು, ಅವರೇ ಹೇಳುತ್ತಿದ್ದದ್ದು 'ಸೇಝೂ' ಎಂದು. ಎಲೈಝಾ ಮತ್ತು ಸೂಸನ್ ಎಂಬ ಇಬ್ಬರು ಅತ್ತೆ-ಚಿಕ್ಕಮ್ಮಂದಿರ ಹೆಸರಿನ ತುಂಡುಗಳನ್ನು ಜೋಡಿಸಿ ಇಟ್ಟ ಹೆಸರು. 1894ರಲ್ಲಿ ಕ್ಯಾನ್ಸಾಸ್‌ನಲ್ಲಿ ಹುಟ್ಟಿ, ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಝ್‌ನಲ್ಲಿ ಬೆಳೆದವರು. 1917ರಲ್ಲಿ ಆಗಿನ ಹೆಸರಾಂತ ತಾರೆ ಮೇರಿ ಪಿಕ್‌ಫರ್ಡ್ ಅವರ ಚಿತ್ರವೊಂದರ ಸಣ್ಣ ಪಾತ್ರದಿಂದ ಜನರ ಕಣ್ಣಿಗೆ ಬಿದ್ದರು.

ಆದರೆ ಅವರ ಕಸುಬು ತಿಳಿಯಬೇಕಾದರೆ 1924ರ 'ಗ್ರೀಡ್' ನೋಡಬೇಕು. ಇಲ್ಲಿ ಅವರದು ಪೋಷಕ ಪಾತ್ರವಲ್ಲ, ನಾಯಕಿಯದೇ. ಚಿನ್ನದ ನಾಣ್ಯಗಳನ್ನು ಎಣಿಸಿ, ಉಜ್ಜಿ, ಹಾಸಿಗೆಯಲ್ಲಿ ಹರಡಿಕೊಳ್ಳುವ ಜಿಪುಣಿ. ಮೂಕಿ ಚಿತ್ರದಲ್ಲಿ ಆ ದುರಾಸೆಯನ್ನೆಲ್ಲ ಹೇಳುವುದು ಅವರ ಬೆರಳುಗಳು. ನಿರ್ದೇಶಕ ಸ್ಟ್ರೋಹೈಮ್ ಮೊದಲು ಸಿದ್ಧಪಡಿಸಿದ್ದು ಸುಮಾರು 42 ರೀಲು, ಬಿಡುಗಡೆಯಾದದ್ದು 10. ಕತ್ತರಿಗೆ ಸಿಕ್ಕಿದ್ದು ಹೆಚ್ಚಾಗಿ ಉಪಕಥೆಗಳು. ಡೇಲ್ ಫುಲ್ಲರ್ ಎಂಬ ಪೋಷಕ ನಟಿಯ ಪಾತ್ರ ಬಹುಪಾಲು ಮಾಯವಾಯಿತು. ಮುಖ್ಯ ಕಥೆಯ ಹೊಲಿಗೆ ಬಿಚ್ಚದೆ ತೆಗೆಯಬಹುದಾದದ್ದು ಅದೇ ತಾನೆ!

ಚಿತ್ರಗಳಿಗೆ ಮಾತು ಬಂದ ಮೇಲೆ ಪಿಟ್ಸ್ ಅವರ ಅದೇ ಬೆರಳುಗಳು ಹಾಸ್ಯಕ್ಕೆ ತಿರುಗಿದವು. ಗಾಳಿಯಲ್ಲಿ ತಡಕಾಡುವ ಕೈ, ನಡುಗುವ ದನಿ, ಕಂಗೆಟ್ಟ ದೊಡ್ಡ ಕಣ್ಣು. 1931ರಿಂದ 33ರವರೆಗೆ ಹಾಸ್ಯಚಿತ್ರ ತಯಾರಿಸುತ್ತಿದ್ದ ಹಾಲ್ ರೋಚ್ ಕಂಪನಿಯಲ್ಲಿ ನಟಿ ಥೆಲ್ಮಾ ಟಾಡ್ ಜೊತೆ 17 ಕಿರುಚಿತ್ರಗಳು, ಹೆಚ್ಚಿನವು ಎರಡು ರೀಲಿನವು. ಒಂದು ರೀಲು ಎಂದರೆ ಸಾವಿರ ಅಡಿ. ಟಾಕಿಯ ವೇಗದಲ್ಲಿ ನಿಮಿಷಕ್ಕೆ 90 ಅಡಿ ಓಡುತ್ತದೆ, ಹಾಗಾಗಿ ಎರಡು ರೀಲಿಗೆ ಇಪ್ಪತ್ತು ನಿಮಿಷದ ಆಸುಪಾಸು. ಅಷ್ಟರಲ್ಲಿ ಪಾತ್ರವನ್ನು ಪರಿಚಯಿಸುತ್ತ ಕೂರಲು ಪುರುಸೊತ್ತಿಲ್ಲ. ಬಾಗಿಲಲ್ಲಿ ಕಾಲಿಟ್ಟ ಕೂಡಲೇ 'ಓ, ಇವರು!' ಅನ್ನಿಸಬೇಕು. ಪೋಷಕ ನಟಿಗೆ ಕೆಲಸ ಸಿಗುತ್ತಿದ್ದದ್ದೇ ಈ ಗುರುತಿನಿಂದ.

ಯುದ್ಧದ ಚಿತ್ರದಲ್ಲಿ ಕೈಕೊಟ್ಟದ್ದೂ ಅದೇ. ಆ ಹೊತ್ತಿಗಾಗಲೇ ಅವರನ್ನು ಹಾಸ್ಯದ ಪಾತ್ರಗಳಲ್ಲಿ ನೋಡಿ ರೂಢಿಯಾಗಿದ್ದ ಪ್ರೇಕ್ಷಕರಿಗೆ ನಗು ಬಂತು. ನಿರ್ದೇಶಕ ಮೈಲ್‌ಸ್ಟೋನ್ ಬೆರಿಲ್ ಮರ್ಸರ್ ಎಂಬ ನಟಿಯನ್ನು ಹಾಕಿಕೊಂಡು ತಾಯಿಯ ದೃಶ್ಯಗಳನ್ನು ಮತ್ತೆ ಚಿತ್ರೀಕರಿಸಿದರು. ಆ ಪಾತ್ರ ಇರುವುದು ಮನೆಯೊಳಗಿನ ಕೆಲವೇ ದೃಶ್ಯಗಳಲ್ಲಿ. ಕಂದಕಗಳನ್ನೂ ಸೈನಿಕರ ದಂಡನ್ನೂ ಮುಟ್ಟಬೇಕಾಗಲಿಲ್ಲ. ನಾಯಕನೇ ಬದಲಾಗಿದ್ದರೆ ಇಡೀ ಚಿತ್ರವನ್ನೇ ಹೊಸದಾಗಿ ತೆಗೆಯಬೇಕಿತ್ತು. ಪೋಷಕ ನಟಿಯನ್ನು ತೆಗೆಯುವುದು ಅಗ್ಗ, ಅಷ್ಟೇ.

ಪಿಟ್ಸ್ ಆಮೇಲೂ 1963ರಲ್ಲಿ ತೀರಿಕೊಳ್ಳುವವರೆಗೆ ನಟಿಸುತ್ತಲೇ ಇದ್ದರು. ಆ ತಾಯಿಯನ್ನು ಪೂರ್ತಿ ನೋಡಿದವರು ಪ್ರಿವ್ಯೂಗೆ ಬಂದು ನಕ್ಕವರು ಮಾತ್ರ. ಉಳಿದವರಿಗೆ ಸಿಗುವುದು ಚಿತ್ರದ ಮೂಲ ಟ್ರೈಲರ್‌ನಲ್ಲಿ ಉಳಿದುಕೊಂಡಿರುವ ಸುಮಾರು 30 ಸೆಕೆಂಡು.