ಬೆಂಗಳೂರಿಗೆ ಸಂಸಾರ ಸಮೇತ ಬರ್ತಿದ್ದೀರಾ? ಮೊದಲು ಸ್ಕೂಲ್ ಸೀಟು, ಆಮೇಲೆ ಮನೆ

ನಮಸ್ಕಾರ. ಹುಬ್ಬಳ್ಳಿ, ಕಲಬುರಗಿ, ಶಿವಮೊಗ್ಗದಿಂದ ಬರೋರಾಗಲಿ, ಪುಣೆಯಿಂದಲೋ ದುಬೈನಿಂದಲೋ ವಾಪಸ್ ಬರೋರಾಗಲಿ, ಬೆಂಗಳೂರಿಗೆ ಸಂಸಾರ ಸಾಗಿಸೋ ಬಹಳ ಜನ ಮೊದಲು ಮಾಡೋದು ಒಂದೇ ಕೆಲಸ. ಆಫೀಸಿನ ಅಡ್ರೆಸ್ಸನ್ನ ಮ್ಯಾಪಿಗೆ ಹಾಕಿ, ಅದರ ಸುತ್ತ ಐದಾರು ಕಿಲೋಮೀಟರಿನಲ್ಲಿ ಮನೆ ಹುಡುಕ್ತಾರೆ. ಅಡ್ವಾನ್ಸ್ ಕೊಟ್ಟಾದ ಮೇಲೆ ಅಲ್ಲಿ ಯಾವ ಸ್ಕೂಲಿದೆ ಅಂತ ವಿಚಾರಿಸ್ತಾರೆ. ಈ ಕ್ರಮವೇ ತಲೆಕೆಳಗು. ಮ್ಯಾಪಿನಲ್ಲಿ ಗೆರೆ ಎಳೆಯಬೇಕಾದ್ದು ಮಗುವಿನ ಸ್ಕೂಲಿನ ಸುತ್ತ.

ಯಾಕೆ ಹೇಳ್ತೀನಿ. ಬಾಡಿಗೆ ಮನೆ ವರ್ಷದ ಹನ್ನೆರಡೂ ತಿಂಗಳು ಸಿಗುತ್ತೆ, ಸೀಟು ಹಾಗಲ್ಲ. ಬೇಡಿಕೆ ಇರೋ ಖಾಸಗಿ ಶಾಲೆಗಳು ಮುಂದಿನ ವರ್ಷದ ಅರ್ಜಿಯನ್ನ ಹಿಂದಿನ ಅಕ್ಟೋಬರ್-ನವೆಂಬರಿನಲ್ಲೇ ತೆಗೀತವೆ. ಏಪ್ರಿಲಿನಲ್ಲಿ ಹೋಗಿ ನಿಂತರೆ ಉಳಿದಿರೋದು ಯಾರೋ ಬಿಟ್ಟು ಹೋದ ಒಂದೆರಡು ಜಾಗ. ಅದರ ಮೇಲೆ, ಕೆಲಸ ಬದಲಾಗುತ್ತೆ, ಕಂಪನಿಯೇ ಬೇರೆ ಕಡೆ ಹೋಗುತ್ತೆ, ವಾರಕ್ಕೆ ಮೂರೇ ದಿನ ಬಂದರೆ ಸಾಕು ಅಂತಾರೆ. ಮಗು ಮಾತ್ರ ವಾರಕ್ಕೆ ಐದಾರು ದಿನ, ಏಳೆಂಟು ವರ್ಷ ಅದೇ ದಾರಿಯಲ್ಲಿ ಹೋಗಬೇಕು. ಮನೇಲಿ ಒಬ್ಬರು ದೂರ ಓಡಾಡಲೇಬೇಕು ಅಂತಾದರೆ ದೊಡ್ಡವರು ಓಡಾಡಲಿ. ಮೆಟ್ರೋದಲ್ಲಿ ಒಂದು ಗಂಟೆ ಕೂತು ಹೋಗೋದು ದೊಡ್ಡವರಿಗೆ ಆಗುತ್ತೆ. ಆರು ವರ್ಷದ ಮಗುವಿಗೆ ವ್ಯಾನಿನಲ್ಲಿ ಒಂದು ಗಂಟೆ ಅಂದರೆ ಅದು ದಿನಾ ಶಿಕ್ಷೆ.

ಈ ಲೆಕ್ಕ ಈಗ ಮೊದಲಿಗಿಂತ ಸುಲಭ. ನೇರಳೆ ಮಾರ್ಗ 2023ರ ಅಕ್ಟೋಬರಿನಿಂದ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪೂರ್ತಿ ಓಡ್ತಿದೆ. ಹಳದಿ ಮಾರ್ಗ 2025ರ ಆಗಸ್ಟಿನಿಂದ ಆರ್‌.ವಿ. ರೋಡಿನಿಂದ ಬೊಮ್ಮಸಂದ್ರಕ್ಕೆ, ಎಲೆಕ್ಟ್ರಾನಿಕ್ ಸಿಟಿ ದಾಟಿ ಹೋಗುತ್ತೆ. ಅಂದರೆ ಆಫೀಸು ವೈಟ್‌ಫೀಲ್ಡಿನಲ್ಲಿದ್ದರೂ ವಿಜಯನಗರದಲ್ಲಿ ಮನೆ ಮಾಡಬಹುದು. ಎಲೆಕ್ಟ್ರಾನಿಕ್ ಸಿಟಿಯಲ್ಲಿದ್ದರೆ ಜಯನಗರ, ಬನಶಂಕರಿ. ಈ ಹಳೇ ಬಡಾವಣೆಗಳಲ್ಲಿ ಎರಡು-ಮೂರು ಕಿಲೋಮೀಟರಿನೊಳಗೆ ನಾಲ್ಕೈದು ಶಾಲೆ ಇರ್ತವೆ. ಒಂದು ಸರಿಹೋಗದಿದ್ದರೆ ಮನೆ ಬದಲಿಸದೆ ಶಾಲೆ ಬದಲಿಸಬಹುದು. ಹೊಸ ಬಡಾವಣೆಯಲ್ಲಿ ಒಂದೇ ಒಂದು ದೊಡ್ಡ ಸ್ಕೂಲನ್ನ ನಂಬಿ ಹೋದವರಿಗೆ ಆ ಅನುಕೂಲ ಇಲ್ಲ. ಹೊರ ವರ್ತುಲ ರಸ್ತೆ ಅಥವಾ ಸರ್ಜಾಪುರದ ಕಡೆ ಆಫೀಸಿದ್ದು, ದಿನಾ ಹೋಗಲೇಬೇಕು ಅನ್ನೋರಿಗೆ ಮಾತ್ರ ಈ ಸಲಹೆ ಪೂರ್ತಿ ಹೊಂದೋದಿಲ್ಲ. ಅಲ್ಲಿಗೆ ಮೆಟ್ರೋ ಬರೋತನಕ ಪೂರ್ವದ ಕಡೆಯೇ ಇರಬೇಕಾಗುತ್ತೆ. ಆಗಲೂ ಆ ಭಾಗದೊಳಗೆ ಶಾಲೆಯನ್ನೇ ಮೊದಲು ಆರಿಸಿ.

ಶಾಲೆಯಲ್ಲಿ ಏನು ಕೇಳಬೇಕು? ಮೊದಲು ಮಾನ್ಯತೆ. ಬೋರ್ಡಿನ ಮೇಲೆ ಸಿಬಿಎಸ್‌ಇ ಅಂತ ಬರೆದಿದೆ ಅಂದ ಮಾತ್ರಕ್ಕೆ ನಂಬಬೇಡಿ. 2023ರಲ್ಲಿ ರಾಜ್ಯ ಸರ್ಕಾರ ರಾಜ್ಯ ಪಠ್ಯಕ್ರಮದ 5 ಮತ್ತು 8ನೇ ತರಗತಿಗೆ ಪಬ್ಲಿಕ್ ಪರೀಕ್ಷೆ ಅಂದಾಗ, ತಮ್ಮ ಮಕ್ಕಳು ಓದ್ತಿರೋದು ಸಿಬಿಎಸ್‌ಇ ಅಂದುಕೊಂಡಿದ್ದ ಪೋಷಕರು ಬೆಂಗಳೂರಿನಲ್ಲಿ ಬೀದಿಗೆ ಬಂದರು. ಮಾನ್ಯತೆ ಇದ್ದದ್ದು ರಾಜ್ಯ ಪಠ್ಯಕ್ರಮಕ್ಕೆ. ಅಫಿಲಿಯೇಷನ್ ನಂಬರ್ ಬರೆದುಕೊಂಡು, ಅದು ಯಾವ ತರಗತಿವರೆಗೆ, ಯಾವ ವರ್ಷದವರೆಗೆ ಚಾಲ್ತಿಯಲ್ಲಿದೆ ಅಂತ ಮಂಡಳಿಯ ಜಾಲತಾಣದಲ್ಲೇ ನೋಡಿ. ಒಂದೇ ಹೆಸರಿನ ಶಾಲೆಗೆ ನಾಲ್ಕು ಶಾಖೆ ಇದ್ದರೆ ನಿಮ್ಮ ಶಾಖೆಯ ನಂಬರೇ ಬೇಕು.

ಎರಡನೇದು ವಯಸ್ಸು. ಕರ್ನಾಟಕದಲ್ಲಿ ಒಂದನೇ ತರಗತಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಅನ್ನೋದು ನಿಯಮ. 2025-26ರಲ್ಲಿ ಅದನ್ನ 5 ವರ್ಷ 5 ತಿಂಗಳಿಗೆ ಸಡಿಲಿಸಿದ್ದರು. ಬೇರೆ ರಾಜ್ಯದಲ್ಲೋ ವಿದೇಶದಲ್ಲೋ ಯುಕೆಜಿ ಮುಗಿಸಿದ ಮಗು ಇಲ್ಲಿ ಅದೇ ತರಗತಿಗೆ ಮತ್ತೆ ಕೂರಬೇಕಾಗಬಹುದು. ಮೂರನೇದು ಭಾಷೆ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಪ್ರಕಾರ ಶಾಲೆಗಳು ಕನ್ನಡವನ್ನ ಮೊದಲ ಅಥವಾ ಎರಡನೇ ಭಾಷೆಯಾಗಿ ಕಲಿಸಬೇಕು. ಹೊರಗೆ ಬೆಳೆದು ಮೇಲಿನ ತರಗತಿಗೆ ನೇರ ಬಂದ ಮಗುವಿಗೆ ಅಕ್ಷರದಿಂದ ಶುರುಮಾಡೋ ಟೀಚರ್ ಇದ್ದಾರಾ ಅಂತ ಕೇಳಿ. ನಮ್ಮ ಮಕ್ಕಳು ಕನ್ನಡ ಓದೋಕೆ ಬರದೆ ಒದ್ದಾಡಬಾರದು, ಅದಕ್ಕೇ ಇದನ್ನ ಒತ್ತಿ ಹೇಳ್ತಿದ್ದೀನಿ.

ಫೀಸಿನ ವಿಷಯದಲ್ಲಿ ಈ ವರ್ಷದ ಮೊತ್ತ ಕೇಳಿ ಸುಮ್ಮನಾಗಬೇಡಿ. ಕಳೆದ ಮೂರು ವರ್ಷ ಎಷ್ಟೆಷ್ಟು ಏರಿದೆ, ವಾಪಸ್ ಬರದ ಅಡ್ಮಿಷನ್ ಫೀ ಎಷ್ಟು, ಬಸ್ಸು-ಪುಸ್ತಕ-ಸಮವಸ್ತ್ರ ಸೇರಿ ಎಷ್ಟು ಅಂತ ಬರಹದಲ್ಲಿ ಪಡೀರಿ. ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆಯಡಿ ಖಾಸಗಿ ಶಾಲೆಯಲ್ಲಿ ಸಿಗೋ ಉಚಿತ ಸೀಟಿನ ಆಸೆ ಇಟ್ಟುಕೊಂಡಿದ್ದರೆ, 2019ರಿಂದ ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇರೋ ಕಡೆ ಖಾಸಗಿ ಶಾಲೆಗೆ ಆ ಹೊಣೆ ಇಲ್ಲ. ನಗರದಲ್ಲಿ ಆ ದಾರಿ ಬಹುತೇಕ ಮುಚ್ಚಿದೆ. ಎಲ್‌ಕೆಜಿಯಿಂದ ಪಿಯುವರೆಗೆ ನಡೆಸೋ ಕರ್ನಾಟಕ ಪಬ್ಲಿಕ್ ಶಾಲೆ ನಿಮ್ಮ ಏರಿಯಾದಲ್ಲಿದ್ದರೆ ಒಳಗೆ ಹೋಗಿ ನೋಡಿ ಬನ್ನಿ. ನೋಡದೆ ಬೇಡ ಅನ್ನೋದು ತಪ್ಪು.

ಇನ್ನು ಬಸ್ಸು. "ಬಸ್ ಇದೆಯಾ?" ಅನ್ನೋ ಪ್ರಶ್ನೆ ಸಾಲದು. ನಮ್ಮ ಸ್ಟಾಪು ಬೆಳಿಗ್ಗೆ ಎಷ್ಟನೇದು ಅಂತ ಕೇಳಿ. ಶಾಲೆಯಿಂದ ನಾಲ್ಕೇ ಕಿಲೋಮೀಟರಿನಲ್ಲಿದ್ದರೂ ಮೊದಲ ಸ್ಟಾಪಾದರೆ, ಮಿಕ್ಕ ಹದಿನೈದು ಮಕ್ಕಳನ್ನ ಹತ್ತಿಸಿಕೊಂಡು ಊರೆಲ್ಲ ಸುತ್ತಿ ಹೋಗೋಕೆ ಐವತ್ತು ನಿಮಿಷ ಆಗುತ್ತೆ. ನಡುವೆ ರೈಲ್ವೆ ಗೇಟಿದ್ದರೆ ಇನ್ನೂ ಹೆಚ್ಚು. ಮಗು ನಡೆದು ಹೋಗೋ ದೂರದಲ್ಲಿ ಮನೆ ಸಿಕ್ಕರೆ, ಬಸ್ಸಿನ ಹಣವನ್ನ ಬಾಡಿಗೆಗೆ ಸೇರಿಸಿ ಕೊಡಿ. ಅದು ದುಬಾರಿ ಅಲ್ಲ.

ಈಗ ಮನೆ. ಹೆಚ್ಚಿನವರು ಮೇ ತಿಂಗಳಲ್ಲಿ ನೋಡೋಕೆ ಬರ್ತಾರೆ. ಆಗ ಶಾಲೆಗಳಿಗೆ ರಜೆ, ರಸ್ತೆ ಖಾಲಿ. ಹದಿನೈದು ನಿಮಿಷದ ದಾರಿ ಅಂತ ಖುಷಿಪಟ್ಟದ್ದು ಜೂನಿನ ಮೊದಲ ಮಳೆಗೆ ನಲವತ್ತೈದಾಗುತ್ತೆ. ಆದ್ದರಿಂದ ದಾರಿಯನ್ನ ಫೆಬ್ರುವರಿಯ ಒಂದು ಸೋಮವಾರ ಬೆಳಿಗ್ಗೆ ಏಳೂವರೆಗೆ ಅಳೀರಿ. ನೀರನ್ನ ಮಾತ್ರ ಏಪ್ರಿಲಿನಲ್ಲೇ ನೋಡಬೇಕು. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ, ಜಿಲ್ಲಾಡಳಿತವೇ ಟ್ಯಾಂಕರ್ ದರ ನಿಗದಿ ಮಾಡೋ ಸ್ಥಿತಿ ಬಂತು. ಅದೇ ವರ್ಷದ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಶುರುವಾಗಿ, ನಗರಕ್ಕೆ ಸೇರಿಕೊಂಡ 110 ಹಳ್ಳಿಗಳ ಭಾಗಕ್ಕೆ ದಿನಕ್ಕೆ 775 ದಶಲಕ್ಷ ಲೀಟರ್ ಲೆಕ್ಕದ ಯೋಜನೆ ಬಂದಿದೆ, ನಿಜ. ಆದರೆ ರಸ್ತೆಯಲ್ಲಿ ಪೈಪು ಬಂದರೆ ಕಟ್ಟಡದ ಸಂಪಿಗೆ, ಅಂದರೆ ನೆಲದಡಿಯ ತೊಟ್ಟಿಗೆ, ನೀರು ಬಂದಂತಾಗಲಿಲ್ಲ. ಕಟ್ಟಡದವರು ಹಣ ಕಟ್ಟಿ ಸಂಪರ್ಕ ಪಡೆದಿರಬೇಕು. ಜಲಮಂಡಳಿಯ ಇತ್ತೀಚಿನ ಬಿಲ್ ತೋರಿಸಿ ಅನ್ನಿ, ಬಾಯಿಮಾತು ಬೇಡ. ಒಬ್ಬರಿಗೆ ದಿನಕ್ಕೆ 135 ಲೀಟರ್ ಅಂದರೆ ನಾಲ್ಕು ಜನಕ್ಕೆ 540. ಆರು ಮನೆಯ ಕಟ್ಟಡಕ್ಕೆ 3,240. ಎರಡು ದಿನಕ್ಕೊಮ್ಮೆ ನೀರು ಬರೋ ರಸ್ತೆಯಾದರೆ ಸಂಪು ಆರೂವರೆ ಸಾವಿರ ಲೀಟರಾದರೂ ಇರಬೇಕು. ನಾಲ್ಕು ಸಾವಿರದ ಸಂಪು ಕಂಡರೆ ಉಳಿದದ್ದು ಟ್ಯಾಂಕರಿನಿಂದ, ನಿಮ್ಮ ಮೇಂಟೆನೆನ್ಸ್ ದುಡ್ಡಿನಿಂದ. ನೆಲಮಹಡಿ ಮನೆಯಾದರೆ ಹೊರಗೋಡೆಯಲ್ಲಿ ನೀರು ನಿಂತ ಕಲೆ ಇದೆಯಾ ನೋಡಿ, ರಾಜಕಾಲುವೆ (ಮಳೆನೀರು ಹರಿಯೋ ದೊಡ್ಡ ಕಾಲುವೆ) ಎಲ್ಲಿದೆ ಅಂತ ಪಕ್ಕದ ಅಂಗಡಿಯವರನ್ನ ಕೇಳಿ.

ಅಗ್ರಿಮೆಂಟಿನಲ್ಲಿ ಒಂದು ಎಡವಟ್ಟಿದೆ. ಒಂದು ವರ್ಷ ಮೀರಿದರೆ ನೋಂದಣಿ ಕಡ್ಡಾಯ, ಅದಕ್ಕೇ ಎಲ್ಲರೂ 11 ತಿಂಗಳು ಅಂತ ಬರೆಸ್ತಾರೆ. ಮೇ ಒಂದರಿಂದ 11 ತಿಂಗಳು ಅಂದರೆ ಮಾರ್ಚ್ ಕೊನೆಗೆ ಮುಗಿಯುತ್ತೆ, ಮಕ್ಕಳ ವಾರ್ಷಿಕ ಪರೀಕ್ಷೆ ಹೊತ್ತಿಗೆ. ಮಾಲೀಕರು ಆಗ ಖಾಲಿ ಮಾಡಿ ಅಂದರೆ ಏನು ಗತಿ? ಎರಡು ವರ್ಷಕ್ಕೆ ಬರೆಸಿ ನೋಂದಣಿ ಮಾಡಿಸಿ. ಇಲ್ಲವಾದರೆ ನವೀಕರಣ, ಏರಿಕೆಯ ಪ್ರಮಾಣ, ಮೇ ಮಧ್ಯದವರೆಗೆ ಬಿಡಿಸುವಂತಿಲ್ಲ ಅನ್ನೋ ಮಾತು, ಮೂರನ್ನೂ ಬರೆಸಿ. ಅಡ್ವಾನ್ಸ್ ಹತ್ತು ತಿಂಗಳ ಬಾಡಿಗೆ ಅಂತ ಕೇಳೋ ಹಳೇ ವಾಡಿಕೆ ಇದೆ, ಐದಾರಕ್ಕೆ ಇಳಿಸಬಹುದು. ಪೇಂಟಿಂಗಿಗೆ ಎಷ್ಟು ಮುರೀತಾರೆ ಅನ್ನೋದೂ ಮೊದಲೇ ಕಾಗದದಲ್ಲಿರಲಿ.

ಬಾಡಿಗೆ ಉಳಿಯುತ್ತೆ ಅಂತ ಹದಿನೈದಿಪ್ಪತ್ತು ಲಕ್ಷ ಕೊಟ್ಟು ಭೋಗ್ಯಕ್ಕೆ ಹೋಗೋರು ಬಹಳ ಎಚ್ಚರ ಇರಬೇಕು. ಮಾಲೀಕರು ಮನೆ ಮೇಲೆ ಸಾಲ ಮಾಡಿ ಕಂತು ನಿಲ್ಲಿಸಿದರೆ ಬ್ಯಾಂಕು ಮನೆ ವಶಕ್ಕೆ ತಗೊಳ್ಳುತ್ತೆ, ನಿಮ್ಮ ಹಣ ಮಾಲೀಕರ ಹತ್ತಿರ ಸಿಕ್ಕಿಕೊಳ್ಳುತ್ತೆ. ನೋಂದಣಿ ಇಲಾಖೆಯ ಕಾವೇರಿ 2.0 ಜಾಲತಾಣದಲ್ಲಿ ಋಣಭಾರ ಪ್ರಮಾಣಪತ್ರ ತೆಗೆಸಿ ಅಡಮಾನ ನಮೂದಾಗಿದೆಯಾ ನೋಡಿ. ಮಾಲೀಕರ ಬದಲು ನಡುವಿನ ಕಂಪನಿಗೆ ಹಣ ಕೊಡಿ ಅಂದರೆ ಎದ್ದು ಬನ್ನಿ.

ಸ್ವಂತ ಮನೆ? ಬಂದ ವರ್ಷವೇ ಬೇಡ ಅನ್ನೋದು ನನ್ನ ಖಚಿತ ಅಭಿಪ್ರಾಯ. 45 ಲಕ್ಷ ಮೀರಿದ ಆಸ್ತಿಗೆ ಮುದ್ರಾಂಕ ಶುಲ್ಕ 5%, ಅದರ ಮೇಲೆ ಸೆಸ್, 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕವೂ 1ರಿಂದ 2%ಗೆ ಏರಿದೆ. 80 ಲಕ್ಷದ ಫ್ಲ್ಯಾಟಿಗೆ ಆರು ಲಕ್ಷದಷ್ಟು ಬರೀ ಕಾಗದಕ್ಕೆ. ಶಾಲೆ ಒಗ್ಗದೆ ಎರಡು ವರ್ಷಕ್ಕೆ ಮಾರಿದರೆ ಆ ಹಣ ವಾಪಸ್ ಬರೋದಿಲ್ಲ. ಒಂದು ಪೂರ್ತಿ ಶಾಲಾ ವರ್ಷ, ಒಂದು ಬೇಸಿಗೆ, ಒಂದು ಮಳೆಗಾಲ ಬಾಡಿಗೆಯಲ್ಲಿ ಕಳೀರಿ. ಆಮೇಲೆ ಇ-ಖಾತಾ (ಆಸ್ತಿಯ ಡಿಜಿಟಲ್ ದಾಖಲೆ), ಸ್ವಾಧೀನಾನುಭವ ಪತ್ರ ಅಂದರೆ ಓಸಿ, ರೇರಾ ನಂಬರ್ (ರಿಯಲ್ ಎಸ್ಟೇಟ್ ಪ್ರಾಧಿಕಾರದ ನೋಂದಣಿ), ಈ ಮೂರೂ ಕೈಯಲ್ಲಿದ್ದರೆ ಮಾತ್ರ ಮಾತಿಗೆ ಕೂರಿ.

ಕೊನೇದಾಗಿ ದೊಡ್ಡ ಮಕ್ಕಳಿರೋರಿಗೆ. ಸಿಬಿಎಸ್‌ಇಯಲ್ಲಿ 9 ಮತ್ತು 11ನೇ ತರಗತಿಯಲ್ಲೇ ಪರೀಕ್ಷೆಗೆ ಹೆಸರು ನೋಂದಾಯಿಸ್ತಾರೆ. 10 ಅಥವಾ 12ಕ್ಕೆ ನೇರ ಸೇರಬೇಕಂದರೆ ಪೋಷಕರ ವರ್ಗಾವಣೆಯಂಥ ಕಾರಣ, ದಾಖಲೆ, ಮಂಡಳಿಯ ಒಪ್ಪಿಗೆ ಎಲ್ಲ ಬೇಕು. ಮಗು ಈಗ 8ರಲ್ಲಿದ್ದರೆ ಈ ಬೇಸಿಗೆಯಲ್ಲೇ ಬನ್ನಿ. 9ರಲ್ಲಿದ್ದರೆ, ಒಬ್ಬರು ಮೊದಲು ಬಂದು ಪಿಜಿಯಲ್ಲಿದ್ದು, 10 ಮುಗಿದ ಮೇಲೆ ಸಂಸಾರ ಕರೆಸಿಕೊಳ್ಳೋದು ಮಗುವಿನ ಮಟ್ಟಿಗೆ ಒಳ್ಳೇದು. ಹೊರಡೋ ಮುಂಚೆ ಹಳೇ ಶಾಲೆಯಿಂದ ವರ್ಗಾವಣೆ ಪತ್ರ (ಟಿಸಿ), ಅಂಕಪಟ್ಟಿ, ರಾಜ್ಯದೊಳಗಿನವರಾದರೆ ಎಸ್‌ಎಟಿಎಸ್ ಸಂಖ್ಯೆ (ಶಿಕ್ಷಣ ಇಲಾಖೆ ಮಗುವಿಗೆ ಕೊಟ್ಟಿರೋ ಗುರುತಿನ ಸಂಖ್ಯೆ) ತಗೊಳ್ಳಿ. ಹೊರ ರಾಜ್ಯದವರು ಟಿಸಿಗೆ ಅಲ್ಲಿನ ಶಿಕ್ಷಣಾಧಿಕಾರಿಯ ಮೇಲುರುಜು ಬೇಕಾ ಅಂತ ಇಲ್ಲಿನ ಶಾಲೆಯನ್ನ ಕೇಳಿ, ಬೇಕಂದರೆ ಅಲ್ಲಿರುವಾಗಲೇ ಹಾಕಿಸಿಕೊಂಡು ಬನ್ನಿ. ಬಂದ ಮೇಲೆ ಆ ಒಂದು ಸಹಿಗೆ ಮತ್ತೆ ಊರಿಗೆ ಹೋಗಬೇಕಾಗುತ್ತೆ.